ಗಿಡ ಹಸಿರಾಗಿದೆ, ಮಣ್ಣಿನ ಕಥೆ ಬೇರೆ: ಗಣಿ ಪಕ್ಕದ ಔಷಧಿ ಗಿಡದಲ್ಲಿ ಲೋಹ ಸೇರಿದೆಯಾ ಅಂತ ಪತ್ತೆ ಮಾಡುವುದು ಹೇಗೆ

ಭಾನುವಾರ ಬಂದರೆ ಬೆಂಗಳೂರಿನಿಂದ ಗಿಡಮೂಲಿಕೆ ಹುಡುಕಿಕೊಂಡು ಹೊರಡುವವರು ಈಗ ಜಾಸ್ತಿಯಾಗಿದ್ದಾರೆ. ಅಮೃತಬಳ್ಳಿ, ನೆಲನೆಲ್ಲಿ, ಒಂದೆಲಗ, ತುಂಬೆ, ಕೊಮ್ಮೆ, ನೆಲಬೇವು. ಒಳ್ಳೆಯದೇ. ಆದರೆ ನಗರದಿಂದ ಹೊರಗೆ ಹೋದ ತಕ್ಷಣ ಸಿಗುವ "ಖಾಲಿ ಜಾಗ" ಬಹಳ ಸಲ ನಿಜವಾದ ಕಾಡಲ್ಲ. ಹಳೇ ಕಲ್ಲು ಕ್ವಾರಿ, ಗಣಿಯ ಮಣ್ಣು ಸುರಿದ ದಿಬ್ಬ, ಅದಿರು ಲಾರಿ ಓಡಾಡಿದ ರಸ್ತೆಯ ಬದಿ, ಕ್ವಾರಿ ಗುಂಡಿಗೆ ಕಸ ತುಂಬಿ ಮುಚ್ಚಿದ ಬಯಲು, ಇಂಥವೇ. ಅಲ್ಲಿ ಗಿಡ ಬೆಳೆಯುತ್ತದೆ. ಚೆನ್ನಾಗಿಯೇ ಬೆಳೆಯುತ್ತದೆ. ತೊಂದರೆ ಇರುವುದೇ ಅಲ್ಲಿ.

ಗಿಡಮೂಲಿಕೆಯ ಕಚ್ಚಾ ಮಾಲಿನ ಗುಣಮಟ್ಟ ನೋಡುವುದು ನನ್ನ ಕೆಲಸ. ಜನ ನನ್ನ ಹತ್ತಿರ ತರುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ನೋಡೋಕೆ ಚೆನ್ನಾಗಿದೆ, ಬಳಸಬಹುದಾ?" ಗಿಡವನ್ನು ನೋಡಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಜಾಗ ನೋಡಿ ಅರ್ಧ ಹೇಳಬಹುದು, ಉಳಿದ ಅರ್ಧವನ್ನು ಲ್ಯಾಬ್ ಹೇಳಬೇಕು. ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡಿ, ದುಡ್ಡು ಖರ್ಚಾಗದ ಪರೀಕ್ಷೆ ಮೊದಲು, ಖರ್ಚಿನದು ಆಮೇಲೆ, ಈ ಕ್ರಮದಲ್ಲಿ ಬರೆದಿದ್ದೇನೆ.

ಜಾಗಕ್ಕೆ ಹೋಗುವ ಮುಂಚೆ

ಹಳೇ ಗಣಿ ದಿಬ್ಬ ಹತ್ತಬೇಡಿ. ಮಳೆಗಾಲದಲ್ಲಿ ಅವು ಕುಸಿಯುತ್ತವೆ, ಬೇಸಿಗೆಯಲ್ಲಿ ಧೂಳಾಗಿ ಮೂಗಿಗೆ ಹೋಗುತ್ತವೆ. ಬಿಟ್ಟುಹೋದ ಗಣಿ ಬಾವಿಯ ಬಾಯಿ ಗಿಡಗಂಟಿಯಲ್ಲಿ ಮುಚ್ಚಿಹೋಗಿರುತ್ತದೆ, ಕಾಲಿಟ್ಟ ಮೇಲೆ ಗೊತ್ತಾದರೆ ಉಪಯೋಗವಿಲ್ಲ. ಕ್ವಾರಿ ಗುಂಡಿಯಲ್ಲಿ ನಿಂತ ನೀರಿಗೆ ಇಳಿಯಬೇಡಿ, ಅಂಚಿನಿಂದಲೇ ಆಳ ಶುರುವಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ಒಂದು ಒಳ್ಳೆಯ ಮಾಸ್ಕ್, ಕೈಗವಸು ಇರಲಿ. ಮನೆಗೆ ಬಂದ ಮೇಲೆ ಚಪ್ಪಲಿ ಹೊರಗೇ ಬಿಡಿ, ಬಟ್ಟೆ ಬೇರೆ ಒಗೆಯಿರಿ. ಸೀಸದ ಧೂಳು ಮನೆಯೊಳಗೆ ಬರುವುದು ಹೀಗೆಯೇ. ನೆಲದಲ್ಲಿ ಆಡುವ ಮಗು ಇದ್ದರೆ ಅದರ ಕೈಯಿಂದ ಬಾಯಿಗೆ ಹೋಗುತ್ತದೆ.

ಲಕ್ಷಣ: ಗಿಡ ಸೊಂಪಾಗಿದೆ, ಆದರೆ ಜಾಗದ ಮೇಲೆ ಅನುಮಾನ

ಇದನ್ನು ಲಕ್ಷಣ ಅಂತ ಯಾರೂ ಎಣಿಸುವುದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಕ್ಯಾಡ್ಮಿಯಂ ಅನ್ನುವ ಲೋಹಕ್ಕೆ ಗಿಡದಲ್ಲಿ ತನ್ನದೇ ಕೆಲಸ ಅಂತ ಸಾಮಾನ್ಯವಾಗಿ ಏನೂ ಇಲ್ಲ. ಆದರೆ ಅದರ ಗುಣ ಸತುವಿಗೆ ಹತ್ತಿರ. ಗಿಡ ಸತುವನ್ನು ಒಳಗೆ ಎಳೆದುಕೊಳ್ಳುವ ದಾರಿಯಲ್ಲೇ ಕ್ಯಾಡ್ಮಿಯಂ ಕೂಡ ಒಳಗೆ ಬರುತ್ತದೆ, ಎಲೆಯವರೆಗೂ ಹೋಗುತ್ತದೆ. ಆರ್ಸೆನಿಕ್ ಬರುವುದು ರಂಜಕದ ದಾರಿಯಲ್ಲಿ. ಮನುಷ್ಯನಿಗೆ ದಿನಾ ತಿನ್ನಲು ಯೋಗ್ಯವಲ್ಲದ ಮಟ್ಟಕ್ಕೆ ಕ್ಯಾಡ್ಮಿಯಂ ಸೇರಿದ್ದರೂ ಎಲೆಯಲ್ಲಿ ಒಂದು ಚುಕ್ಕೆಯೂ ಇರುವುದಿಲ್ಲ. ಅದು ಗಿಡಕ್ಕೆ ತೊಂದರೆ ಕೊಡುವ ಮಟ್ಟ ಬೇರೆ, ನಮಗೆ ತೊಂದರೆ ಕೊಡುವ ಮಟ್ಟ ಬೇರೆ, ನಮ್ಮದು ಬಹಳ ಕೆಳಗಿದೆ. ಗೋಡೆ ಸಂದಿಯಲ್ಲಿ, ಹಳೇ ಗಾರೆಯ ಮೇಲೆ ಬೆಳೆಯುವ ಒಂದು ಜರೀಗಿಡ ಇದೆ, ಪ್ಟೆರಿಸ್ ವಿಟ್ಟಾಟಾ. ಅದು ಆರ್ಸೆನಿಕ್ ಹೀರಿ ಎಲೆಯಲ್ಲಿ ತುಂಬಿಟ್ಟುಕೊಂಡು ಹಾಯಾಗಿ ಬೆಳೆಯುತ್ತದೆ ಅಂತ 2001ರಲ್ಲೇ ತೋರಿಸಿದ್ದಾರೆ. ಹಸಿರಾಗಿದೆ ಅನ್ನುವುದು ಸರ್ಟಿಫಿಕೇಟ್ ಅಲ್ಲ.

ಹಾಗಾಗಿ ಮೊದಲ ಪರೀಕ್ಷೆ ಪುಕ್ಕಟೆ: ಜಾಗದ ಚರಿತ್ರೆ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ನೋಡುವ ಪಟ್ಟಿ ಇದೆ, ಅದನ್ನು ಹಿಂದಕ್ಕೆ ಎಳೆಯಿರಿ. ಈಗ ಪೊದೆ ಇರುವ ಕಡೆ ಹತ್ತು ಹದಿನೈದು ವರ್ಷದ ಹಿಂದೆ ಗುಂಡಿ ಇತ್ತಾ, ಲಾರಿ ದಾರಿ ಇತ್ತಾ, ಬೂದು ಬಣ್ಣದ ದಿಬ್ಬ ಇತ್ತಾ? ಸರ್ವೆ ನಂಬರ್ ಬೇಕಿದ್ದರೆ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ಆಮೇಲೆ ಊರಿನ ಹಿರಿಯರನ್ನು ಕೇಳಿ. ದನ ಮೇಯಿಸುವವರನ್ನು ಕೇಳಿದರೆ ಇನ್ನೂ ಒಳ್ಳೆಯದು. ಯಾವ ಹೊಂಡದ ನೀರನ್ನು ದನ ಮುಟ್ಟುವುದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ.

ಯಾವ ಗಣಿ ಅನ್ನುವುದರ ಮೇಲೆ ಯಾವ ಲೋಹ ಹುಡುಕಬೇಕು ಅನ್ನುವುದು ನಿಂತಿದೆ. ಎಲ್ಲ ಗಣಿಯೂ ಒಂದೇ ಅಲ್ಲ.

ಬೆಂಗಳೂರು ಸುತ್ತಲಿನ ಕ್ವಾರಿಗಳು ಬಹುಪಾಲು ಗ್ರಾನೈಟ್, ನೈಸ್ (gneiss, ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು) ಕಲ್ಲಿನವು. ಕಲ್ಲಿನಲ್ಲಿ ವಿಷದ ಲೋಹ ಸಾಮಾನ್ಯವಾಗಿ ಕಡಿಮೆ. ತೊಂದರೆ ಇರುವುದು ಆಮೇಲೆ ಗುಂಡಿಗೆ ಏನು ಸುರಿದರು ಅನ್ನುವುದರಲ್ಲಿ. ಬೆಳ್ಳಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಕ್ವಾರಿಗಳಿಗೆ ನಗರದ ಕಸ ಹೋಗಿದ್ದು ಎಲ್ಲರಿಗೂ ಗೊತ್ತು. ಕಸದಲ್ಲಿ ಬ್ಯಾಟರಿ, ಬಣ್ಣ, ಎಲೆಕ್ಟ್ರಾನಿಕ್ ಚೂರು ಎಲ್ಲವೂ ಇರುತ್ತದೆ, ಅದರಿಂದ ಇಳಿಯುವ ಕಪ್ಪು ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಬರಬಹುದು.

ಪೂರ್ವಕ್ಕೆ ಹೋದರೆ ಕೆಜಿಎಫ್. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿತು, ಅರೆದು ಬಿಟ್ಟ ಪುಡಿಯ ದಿಬ್ಬಗಳು ಹಾಗೇ ಉಳಿದವು. ಅದಿರಿನಿಂದ ಚಿನ್ನ ಬಿಡಿಸಲು ಸೈನೈಡ್ ಬಳಸುತ್ತಿದ್ದರಿಂದ ಅಲ್ಲಿನವರು ಸೈನೈಡ್ ದಿಬ್ಬ ಅಂತಲೇ ಕರೆಯುತ್ತಾರೆ. ಮೂರು ಕೋಟಿ ಟನ್ನಿಗೂ ಜಾಸ್ತಿ ಪುಡಿ ಇದೆ ಅಂತ ಲೆಕ್ಕ. ಸೈನೈಡ್ ಬಿಸಿಲಿಗೆ, ಗಾಳಿಗೆ ಕಾಲಕ್ರಮದಲ್ಲಿ ಒಡೆಯುತ್ತದೆ. ಲೋಹ ಒಡೆಯುವುದಿಲ್ಲ, ಅದಕ್ಕೆ ವಯಸ್ಸಾಗುವುದಿಲ್ಲ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜ ಸೇರಿಕೊಂಡಿರುವುದು ಜಗತ್ತಿನ ಎಷ್ಟೋ ಕಡೆ ಇದೆ. ನಮ್ಮ ರಾಜ್ಯದಲ್ಲೇ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಹಳೇ ಚಿನ್ನದ ಗಣಿ ಇರುವ ಪ್ರದೇಶದಲ್ಲಿ, ಅಂತರ್ಜಲದ ಆರ್ಸೆನಿಕ್‌ನಿಂದ ಜನರ ಚರ್ಮಕ್ಕೆ ಹಾನಿಯಾಗಿದ್ದು ದಾಖಲಾಗಿದೆ. ಚಿನ್ನ ಬಿಡಿಸಲು ಪಾದರಸವನ್ನೂ ಬಳಸುತ್ತಿದ್ದರು. ಹಾಗಾಗಿ ಚಿನ್ನದ ಗಣಿ ಅಂದರೆ ಆರ್ಸೆನಿಕ್, ಪಾದರಸ ಎರಡನ್ನೂ ಪಟ್ಟಿಯಲ್ಲಿ ಇಡಿ.

ಬಳ್ಳಾರಿ, ಸಂಡೂರು, ಹೊಸಪೇಟೆ ಅಂದರೆ ಕಬ್ಬಿಣ, ಮ್ಯಾಂಗನೀಸ್. ಚಿತ್ರದುರ್ಗದ ಇಂಗಳದಾಳ ತಾಮ್ರ. ಹಾಸನದ ಬೈರಾಪುರ, ನುಗ್ಗೇಹಳ್ಳಿ ಕಡೆ ಕ್ರೋಮಿಯಂ, ನಿಕಲ್. ಆ ಪ್ರದೇಶದ ಕಲ್ಲೇ ಅಂಥದ್ದು, ಗಣಿ ತೆಗೆಯದ ಜಾಗದಲ್ಲೂ ಮಣ್ಣಿನಲ್ಲಿ ಇವು ಜಾಸ್ತಿ ಇರಬಹುದು. ಸೀಸ–ಸತುವಿನ ದೊಡ್ಡ ಗಣಿ ಇರುವುದು ರಾಜಸ್ಥಾನದ ಉದಯಪುರದ ಜಾವರ್ ಕಡೆ. ಮಾರುಕಟ್ಟೆಯ ಒಣ ಬೇರು ದೂರದ ಊರಿಂದ ಬರುವುದರಿಂದ ಇದೂ ನೆನಪಿರಲಿ.

ಚರಿತ್ರೆಯಲ್ಲಿ ಚಿನ್ನ, ತಾಮ್ರ, ಸೀಸ–ಸತು, ಅಥವಾ ಕಸ ತುಂಬಿದ ಕ್ವಾರಿ ಬಂತು ಅಂದರೆ ಅಲ್ಲಿಗೆ ನಿಲ್ಲಿಸಿ. ಮನೆ ಬಳಕೆಗೆ ಒಂದು ಹಿಡಿ ಗಿಡಕ್ಕಾಗಿ ಲ್ಯಾಬಿಗೆ ದುಡ್ಡು ಹಾಕುವ ಬದಲು ಬೇರೆ ಜಾಗ ಹುಡುಕುವುದು ಲಾಭ.

ಲಕ್ಷಣ: ಎಲೆ ಮೇಲೆ ಕೆಂಪು ಅಥವಾ ಬೂದು ಪುಡಿ ಕೂತಿದೆ

ಇಲ್ಲಿ ಎರಡು ಪ್ರಶ್ನೆ ಬೇರೆ ಬೇರೆ: ಲೋಹ ಎಲೆಯ ಮೇಲಿದೆಯಾ, ಒಳಗಿದೆಯಾ? ಮೇಲಿದ್ದರೆ ಬಹುಪಾಲು ತೊಳೆಯಬಹುದು. ಒಳಗಿದ್ದರೆ ಎಷ್ಟು ತೊಳೆದರೂ ಹೋಗುವುದಿಲ್ಲ.

ತುಂಬೆ ಗಿಡದ ಒಂದು ಕೊಂಬೆ ತೆಗೆದುಕೊಳ್ಳಿ. ಎಲೆಯ ಮೇಲೆ ಸಣ್ಣ ರೋಮ ಇರುವುದರಿಂದ ಧೂಳು ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಒಂದು ಒದ್ದೆ ಬಿಳಿ ಬಟ್ಟೆಯಿಂದ ಮೇಲ್ಭಾಗ ಒರೆಸಿ, ಬಣ್ಣ ನೋಡಿ. ಆಮೇಲೆ ಅದೇ ಕೊಂಬೆಯನ್ನು ಸ್ಟೀಲ್ ಲೋಟದ ನೀರಿನಲ್ಲಿ ಅಲ್ಲಾಡಿಸಿ ತೆಗೆಯಿರಿ, ಲೋಟವನ್ನು ಅಲುಗಾಡಿಸದೆ ರಾತ್ರಿ ಇಡಿ. ಬೆಳಿಗ್ಗೆ ತಳದಲ್ಲಿ ಒಂದು ತೆಳು ಪದರ ಕೂತಿರುತ್ತದೆ. ಇಟ್ಟಿಗೆ ಕೆಂಪು ಅಥವಾ ತುಕ್ಕಿನ ಬಣ್ಣ ಇದ್ದರೆ ಹೆಚ್ಚಾಗಿ ಕಬ್ಬಿಣದ ಧೂಳು ಅಥವಾ ನಮ್ಮ ಮಾಮೂಲಿ ಕೆಂಪು ಮಣ್ಣು. ಬೂದು ಬಣ್ಣದ, ಬೆರಳಲ್ಲಿ ಉಜ್ಜಿದರೆ ಟಾಲ್ಕಂ ಪೌಡರಿನಂತೆ ನಯವಾದ ಪುಡಿ ಇದ್ದರೆ ಹುಷಾರು, ಅರೆದ ಅದಿರಿನ ಪುಡಿ ಹಾಗಿರುತ್ತದೆ. ಉಜ್ಜುವಾಗ ಕೈಗವಸು ಹಾಕಿಕೊಳ್ಳಿ.

ಮ್ಯಾಗ್ನೆಟ್ ಪರೀಕ್ಷೆ ಬಗ್ಗೆ ಬಹಳ ಜನ ಕೇಳುತ್ತಾರೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮ್ಯಾಗ್ನೆಟ್ಟಿಗೆ ಒಣಗಿದ ಪುಡಿ ಅಂಟಿದರೆ ಅದರಲ್ಲಿ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಖನಿಜ ಇದೆ ಅಂತ ಅರ್ಥ, ಅಷ್ಟೇ. ಸಂಡೂರಿನ ಕಬ್ಬಿಣದ ಅದಿರು ಹೆಮಟೈಟ್ ಅಷ್ಟಾಗಿ ಅಂಟುವುದಿಲ್ಲ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಬಗ್ಗೆ ಮ್ಯಾಗ್ನೆಟ್ ಏನೂ ಹೇಳುವುದಿಲ್ಲ. ಅಂಟಲಿಲ್ಲ ಅಂತ ಖುಷಿಪಡಬೇಡಿ.

ಕೆಂಪು ಕಂಡರೆ ಹೆದರಬೇಕಾದ್ದೂ ಇಲ್ಲ. ಕಬ್ಬಿಣದ ಅದಿರಿನ ಧೂಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಸೀಸದಷ್ಟು ವಿಷವೂ ಅಲ್ಲ. ಆದರೆ ಲಾರಿ ದಾರಿಯ ಧೂಳಿನಲ್ಲಿ ಬ್ರೇಕು, ಟೈರು, ಹಳೇ ಪೆಟ್ರೋಲಿನ ಸೀಸ ಎಲ್ಲವೂ ಸೇರಿರುತ್ತದೆ. ಸೀಸ ಹಾಕಿದ ಪೆಟ್ರೋಲ್ 2000ದಲ್ಲೇ ನಿಂತಿತು, ರಸ್ತೆ ಬದಿಯ ಮೇಲ್ಮಣ್ಣಿನಲ್ಲಿ ಕೂತ ಸೀಸ ಮಾತ್ರ ಅಲ್ಲೇ ಇದೆ. ರಸ್ತೆಗೆ ಅಂಟಿಕೊಂಡ ಗಿಡ ಕೀಳಬೇಡಿ.

ಲಕ್ಷಣ: ಹೊಂಡದ ನೀರು ಕಿತ್ತಳೆ ಬಣ್ಣ, ಅಂಚಿನಲ್ಲಿ ಹಳದಿ ಕೆಸರು, ಸುತ್ತ ಹುಲ್ಲು ಇಲ್ಲ

ಇದು ಇರುವುದರಲ್ಲೇ ಸ್ಪಷ್ಟವಾದ ಎಚ್ಚರಿಕೆ. ಗಣಿ ತೋಡಿದಾಗ ನೆಲದೊಳಗೆ ಮುಚ್ಚಿಕೊಂಡಿದ್ದ ಗಂಧಕದ ಖನಿಜ, ಮುಖ್ಯವಾಗಿ ಪೈರೈಟ್, ಗಾಳಿಗೂ ಮಳೆಗೂ ಸಿಕ್ಕಿಬೀಳುತ್ತದೆ. ಗಾಳಿ, ನೀರು, ಪೈರೈಟ್ ಮೂರೂ ಸೇರಿದರೆ ಗಂಧಕದ ಆಮ್ಲ ಹುಟ್ಟುತ್ತದೆ. ಕಬ್ಬಿಣ ಕರಗಿ ಹೊರಗೆ ಬಂದು ಮತ್ತೆ ಹಳದಿ–ಕಿತ್ತಳೆ ಕೆಸರಾಗಿ ಕೂರುತ್ತದೆ. ಆ ಬಣ್ಣ ಕಬ್ಬಿಣದ್ದು. ಆದರೆ ಅದೇ ಆಮ್ಲ ಬಣ್ಣವಿಲ್ಲದ ಕ್ಯಾಡ್ಮಿಯಂ, ಸತು, ನಿಕಲ್ ಇವನ್ನೂ ಕಲ್ಲಿನಿಂದ ಬಿಡಿಸಿ ನೀರಿಗೆ ಸೇರಿಸುತ್ತದೆ. ಕಲ್ಲಿನೊಳಗೆ ಬಿಗಿಯಾಗಿದ್ದಾಗ ಗಿಡಕ್ಕೆ ಸಿಗದ ಲೋಹ ಈಗ ಬೇರಿಗೆ ಸಿಗುತ್ತದೆ. ಗಣಿ ಕೆದಕಿದ ನೆಲ ಬೇರೆ ಆಗುವುದು ಇದಕ್ಕೇ: ಲೋಹ ಹೊಸದಾಗಿ ಬರಬೇಕಂತಿಲ್ಲ, ಇದ್ದದ್ದೇ ಸಡಿಲವಾದರೆ ಸಾಕು.

ಪರೀಕ್ಷೆ ಅಗ್ಗ. ಅಕ್ವೇರಿಯಂ ಅಂಗಡಿಯಲ್ಲಿ ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಪಟ್ಟಿ ಸಿಗುತ್ತದೆ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ. ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು, ಕಲಕಿ ಅರ್ಧ ಗಂಟೆ ಬಿಡಿ, ಮೇಲಿನ ತಿಳಿಗೆ ಪಟ್ಟಿ ಅದ್ದಿ. 6ರಿಂದ 7.5ರ ಒಳಗಿದ್ದರೆ ಆಮ್ಲದ ತೊಂದರೆ ಇಲ್ಲ, ಆದರೆ ಲೋಹ ಇಲ್ಲ ಅಂತ ಅರ್ಥವಲ್ಲ. 5.5ಕ್ಕಿಂತ ಕೆಳಗೆ ಹೋದರೆ ಲೋಹ ಬೇರಿಗೆ ಸಿಗುವುದು ಜಾಸ್ತಿಯಾಗುತ್ತದೆ. 4ಕ್ಕಿಂತ ಕೆಳಗೆ ಬಂದರೆ ಅಲ್ಲಿಂದ ಏನನ್ನೂ ಕೀಳಬೇಡಿ, ಕೈ ತೊಳೆದು ಹೊರಡಿ. ಒಂದು ಜಾಗದ ಪಟ್ಟಿ ನಂಬಬೇಡಿ, ಐದಾರು ಕಡೆಯಿಂದ ಮಣ್ಣು ತೆಗೆಯಿರಿ. ಗಣಿ ನೆಲದಲ್ಲಿ ಹತ್ತು ಹೆಜ್ಜೆಗೇ ಮಣ್ಣು ಬದಲಾಗುತ್ತದೆ.

ಒಂದೆಲಗ ಮತ್ತು ನೀರುಬ್ರಾಹ್ಮಿ ಬಗ್ಗೆ ಇಲ್ಲೇ ಹೇಳಬೇಕು. ಎರಡೂ ತೇವದ ಅಂಚಿನಲ್ಲೇ ಹರಡುವ ಗಿಡ, ಅಂದರೆ ಮೇಲಿನಿಂದ ಹರಿದು ಬಂದ ಎಲ್ಲವೂ ಕೊನೆಗೆ ಬಂದು ನಿಲ್ಲುವ ಜಾಗದಲ್ಲಿ ಇರುವ ಗಿಡ. ನೀರುಬ್ರಾಹ್ಮಿಗೆ ಲೋಹ ಹೀರುವ ಗುಣ ಚೆನ್ನಾಗಿಯೇ ಇದೆ, ಕೊಳಕು ನೀರು ಶುದ್ಧ ಮಾಡಲು ಅದನ್ನು ಬಳಸಿ ನೋಡಿದ್ದಾರೆ. ಇದನ್ನೇ ಮಕ್ಕಳಿಗೆ ಬುದ್ಧಿ ಚುರುಕಾಗಲಿ ಅಂತ ದಿನಾ ಬೆಳಿಗ್ಗೆ ಕೊಡುತ್ತೇವೆ. ಸೀಸ ಹಾಳುಮಾಡುವುದು ಮಕ್ಕಳ ಮೆದುಳನ್ನೇ. ಈ ಎರಡು ಗಿಡವನ್ನು ಮನೆಯಲ್ಲಿ ಕುಂಡದಲ್ಲಿ, ಗೊತ್ತಿರುವ ಮಣ್ಣಿನಲ್ಲಿ ಬೆಳೆಸಿಕೊಳ್ಳಿ. ದಯವಿಟ್ಟು ಕ್ವಾರಿ ಹೊಂಡದಿಂದ, ಚರಂಡಿ ನೀರು ಸೇರುವ ಕೆರೆ ಅಂಚಿನಿಂದ ತರಬೇಡಿ.

ಲಕ್ಷಣ: ಎಲೆ ಹಳದಿ, ಗಿಡ ಕುಳ್ಳು, ಬೇರು ಮೊಂಡು

ಎಳೆ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ: ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಸುಣ್ಣದ ಮಣ್ಣಿನಲ್ಲೂ ಹೀಗಾಗುತ್ತದೆ, ನಿಕಲ್, ತಾಮ್ರ, ಸತು ಜಾಸ್ತಿಯಾದರೂ ಆಗುತ್ತದೆ. ಹಳೇ ಎಲೆಯಲ್ಲಿ ಕಂದು ಚುಕ್ಕೆ ಕಂಡರೆ, ಮಣ್ಣು ಹುಳಿಯಾಗಿದ್ದರೆ, ಮ್ಯಾಂಗನೀಸ್ ಹೆಚ್ಚಾಗಿರಬಹುದು. ಬೇರು ಉದ್ದ ಬರದೆ ದಪ್ಪಗೆ, ಕಂದಾಗಿ, ಕವಲಿಲ್ಲದೆ ಇದ್ದರೆ ತಾಮ್ರ ಅಥವಾ ಅಲ್ಯೂಮಿನಿಯಂ ಅನುಮಾನಿಸಬಹುದು. ಎಲೆಗೆ ನೇರಳೆ ಛಾಯೆ ಇದ್ದರೆ ಸಾಮಾನ್ಯವಾಗಿ ರಂಜಕದ ಕೊರತೆ, ಗಣಿ ಪುಡಿಯಲ್ಲಿ ಗಿಡಕ್ಕೆ ಬೇಕಾದ ಸಾರ ಕಡಿಮೆ.

ನಿಜ ಹೇಳಬೇಕೆಂದರೆ ಇದರಿಂದ ತೀರ್ಪು ಕೊಡಲು ಆಗುವುದಿಲ್ಲ. ನೀರಿಲ್ಲದೆಯೂ ಗಿಡ ಹಳದಿಯಾಗುತ್ತದೆ. ಪಕ್ಕದ ಸಾಮಾನ್ಯ ನೆಲದಲ್ಲಿ ಇದೇ ಗಿಡ ಹೇಗಿದೆ ಅಂತ ಹೋಲಿಸಿ ನೋಡಿ. ಅಲ್ಲಿ ಚೆನ್ನಾಗಿದ್ದು ದಿಬ್ಬದ ಮೇಲೆ ಮಾತ್ರ ಸೊರಗಿದ್ದರೆ ಬಿಟ್ಟುಬಿಡಿ.

ಲಕ್ಷಣ: ಗ್ರಂಥಿಗೆ ಅಂಗಡಿಯಲ್ಲಿ ತಂದ ಒಣ ಬೇರು, ಎಲ್ಲಿಯದು ಗೊತ್ತಿಲ್ಲ

ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆಯ ಗ್ರಂಥಿಗೆ ಅಂಗಡಿಗಳಲ್ಲಿ ಮೂಟೆ ಬಿಚ್ಚಿ ನೋಡಿದವರಿಗೆ ಗೊತ್ತು, ಒಂದೇ ಮೂಟೆಯಲ್ಲಿ ನಾಲ್ಕು ಊರಿನ ಬೇರು ಇರಬಹುದು. ಒಮ್ಮೆ ಕೊಮ್ಮೆ ಬೇರಿನ ಚೀಲವೊಂದರಲ್ಲಿ ಕೆಲವು ಬೇರು ಮುರಿದಾಗ ತೊಗಟೆಯ ಸುಕ್ಕಿನೊಳಗೆ ತಿಳಿ ಬೂದು ಪುಡಿ ಒತ್ತಿಕೊಂಡಿತ್ತು, ಉಳಿದ ಬೇರಿಗೆ ಕೆಂಪು ಮಣ್ಣು ಹಿಡಿದಿತ್ತು. ಮಾಲು ತಂದುಕೊಡುತ್ತಿದ್ದ ಹೆಂಗಸನ್ನು ಕೇಳಿದರೆ ಅವರು ಮುಚ್ಚುಮರೆ ಇಲ್ಲದೆ ಹೇಳಿದರು: "ದಿಬ್ಬದ ಕಡೆ ಮಣ್ಣು ಸಡಿಲ ಸ್ವಾಮಿ, ಬೇರು ಮುರಿಯದೆ ಉದ್ದಕ್ಕೆ ಬರುತ್ತೆ." ಅವರು ಮೋಸ ಮಾಡುತ್ತಿರಲಿಲ್ಲ. ಕೆಲಸ ಸುಲಭವಾಗುವ ಕಡೆ ಅಗೆಯುತ್ತಿದ್ದರು. ಉದ್ದದ ಬೇರಿಗೆ ಒಳ್ಳೆಯ ಬೆಲೆ ಕೊಡುವವರು ನಾವು, ಎಲ್ಲಿಂದ ತಂದಿರಿ ಅಂತ ಮಾತ್ರ ಕೇಳುವುದಿಲ್ಲ.

ಬೇರಿನ ವಿಷಯದಲ್ಲಿ ಒಂದು ಲೆಕ್ಕ ತಲೆಯಲ್ಲಿರಲಿ. ಸೀಸ ಮತ್ತು ಕ್ರೋಮಿಯಂ ಹೆಚ್ಚಾಗಿ ಬೇರಿನಲ್ಲೇ ಸಿಕ್ಕಿಕೊಳ್ಳುತ್ತವೆ, ಎಲೆಗೆ ಹೋಗುವುದು ಕಡಿಮೆ. ಕ್ಯಾಡ್ಮಿಯಂ ಎಲೆಗೆ ಹೋಗುತ್ತದೆ. ಹಾಗಾಗಿ ಕೊಮ್ಮೆ, ಮಾಗಳಿ, ಶತಾವರಿ, ಲಾವಂಚದಂಥ ಬೇರುಗಳಲ್ಲಿ ಸೀಸ ಮೊದಲು ನೋಡಿ, ಸೊಪ್ಪಿನಲ್ಲಿ ಕ್ಯಾಡ್ಮಿಯಂ ಮೊದಲು ನೋಡಿ. ಲಾವಂಚವನ್ನು ಗಣಿ ದಿಬ್ಬದ ಮಣ್ಣು ಹಿಡಿದಿಡಲು ಬೇಕೆಂದೇ ನೆಡುತ್ತಾರೆ, ಲೋಹ ತಡೆದುಕೊಳ್ಳುವ ಶಕ್ತಿ ಅದಕ್ಕಿದೆ. ಹಾಗೆ ನೆಟ್ಟ ಲಾವಂಚ ಯಾವ ಕಾರಣಕ್ಕೂ ಕುಡಿಯುವ ನೀರಿನ ಮಡಕೆಗೆ ಬರಬಾರದು.

ಅಂಗಡಿಯಲ್ಲಿ ಮಾಡಬಹುದಾದ್ದು: ಊರು ಕೇಳಿ, ಯಾವ ತಿಂಗಳಲ್ಲಿ ಅಗೆದದ್ದು ಕೇಳಿ, ಬ್ಯಾಚಿನ ಲೋಹ ಪರೀಕ್ಷೆಯ ರಿಪೋರ್ಟ್ ಇದೆಯಾ ಕೇಳಿ. ಬೇರನ್ನು ಬ್ರಶ್ ಹಾಕಿ ತೊಳೆದು ತೊಗಟೆಯ ಮಣ್ಣು ಪೂರ್ತಿ ತೆಗೆಯಿರಿ. ಪುಡಿ ಕೊಳ್ಳಬೇಡಿ, ಪುಡಿಯಲ್ಲಿ ಮಣ್ಣು ಕಾಣುವುದಿಲ್ಲ. ಮನೆಯಲ್ಲಿ ಕುಟ್ಟುವಾಗ ಹಿತ್ತಾಳೆ ಕುಟ್ಟಾಣಿ ಬೇಡ, ಹಿತ್ತಾಳೆಯಲ್ಲಿ ತಾಮ್ರ, ಸತುವಿನ ಜೊತೆ ಬಹಳ ಸಲ ಸೀಸವೂ ಇರುತ್ತದೆ. ಕಲ್ಲು ಅಥವಾ ಸ್ಟೀಲ್ ಬಳಸಿ. ಕುದಿಸಿದರೆ ಲೋಹ ಸಾಯುತ್ತದೆ ಅನ್ನುವ ಮಾತು ಸುಳ್ಳು. ಕಷಾಯಕ್ಕೆ ಲೋಹದ ಒಂದು ಭಾಗ ಮಾತ್ರ ಇಳಿಯುತ್ತದೆ, ಪುಡಿ ನುಂಗಿದರೆ ಪೂರ್ತಿ ಹೊಟ್ಟೆಗೆ ಹೋಗುತ್ತದೆ.

ಲಕ್ಷಣ: ಮಣ್ಣಿನ ರಿಪೋರ್ಟ್ ಚೆನ್ನಾಗಿ ಬಂದಿದೆ

ಯಾವ ರಿಪೋರ್ಟ್ ಅಂತ ನೋಡಿ. ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ: ಪಿಎಚ್, ಲವಣ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ, ಆರ್ಸೆನಿಕ್ ಇಲ್ಲ, ಪಾದರಸ ಇಲ್ಲ. ಬೆಳೆಗೆ ಏನು ಬೇಕು ಅಂತ ನೋಡುವ ಪರೀಕ್ಷೆ ಅದು, ತಿನ್ನುವವನಿಗೆ ಏನು ಬೇಡ ಅಂತ ನೋಡುವುದಿಲ್ಲ. ತಾರಸಿ ತೋಟಕ್ಕೆ ಲೋಡುಗಟ್ಟಲೆ ಕೆಂಪು ಮಣ್ಣು, ಕೆರೆ ಹೂಳು ತರಿಸುವವರು ಈ ಚೀಟಿ ತೋರಿಸಿ ಸಮಾಧಾನ ಮಾಡಿಕೊಳ್ಳುತ್ತಾರೆ. ಭಾರ ಲೋಹದ ಪರೀಕ್ಷೆ ಬೇರೆ ಕೇಳಿ ಮಾಡಿಸಬೇಕು.

ಲ್ಯಾಬಿಗೆ ಕಳಿಸುವಾಗ, ರಿಪೋರ್ಟ್ ಓದುವಾಗ

ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆಗಿರಲಿ, ಗಿಡಮೂಲಿಕೆಯ ಲೋಹ ಪರೀಕ್ಷೆಗೇ ಮಾನ್ಯತೆ ಇದೆಯಾ ಅಂತ ಕೇಳಿ. ಐಸಿಪಿ–ಎಂಎಸ್ ವಿಧಾನ ಆದರೆ ಒಳ್ಳೆಯದು, ಅದು ಬಹಳ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುತ್ತದೆ. ಕೈಯಲ್ಲಿ ಹಿಡಿದು, ಎಕ್ಸ್-ರೇ ಬಿಟ್ಟು ಲೋಹ ತೋರಿಸುವ ಎಕ್ಸ್‌ಆರ್‌ಎಫ್ ಗನ್ ಮಣ್ಣಿನ ಸೀಸಕ್ಕೆ ಪರವಾಗಿಲ್ಲ, ಗಿಡದ ಸಣ್ಣ ಪ್ರಮಾಣದ ಕ್ಯಾಡ್ಮಿಯಂಗೆ ಸಾಲದು.

ಒಂದೇ ಗಿಡ ಕಳಿಸಬೇಡಿ. ಹತ್ತು ಹದಿನೈದು ಗಿಡದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ. ಬೇರು, ಎಲೆ ಬೇರೆ ಬೇರೆ ಕವರಿನಲ್ಲಿ ಇರಲಿ. ಸಾಧ್ಯವಿದ್ದರೆ ಗಿಡದ ಬುಡದ ಮಣ್ಣು, ಮತ್ತು ಗಣಿಯಿಂದ ದೂರದ ಜಾಗದ ಇದೇ ಗಿಡ ಕೂಡ ಕಳಿಸಿ. ಹೋಲಿಕೆ ಇಲ್ಲದ ಅಂಕಿ ಅರ್ಧ ಮಾತ್ರ ಮಾತಾಡುತ್ತದೆ.

ಆಯುರ್ವೇದ ಫಾರ್ಮಕೋಪಿಯಾದ (ಔಷಧಿಯ ಗುಣಮಟ್ಟ ಹೇಳುವ ಸರ್ಕಾರಿ ಗ್ರಂಥ) ಮಿತಿ, ಒಂದು ಕಿಲೋ ಒಣ ಮಾಲಿಗೆ: ಸೀಸ 10 ಮಿಲಿಗ್ರಾಂ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಹಸಿ ತೂಕ–ಒಣ ತೂಕ. ಒಂದೆಲಗದ ಹಸಿ ಎಲೆಯಲ್ಲಿ ಬಹುಪಾಲು ನೀರೇ. ಹಸಿ ತೂಕಕ್ಕೆ ಕ್ಯಾಡ್ಮಿಯಂ 0.05 ಅಂತ ಬಂದರೆ ಬಹಳ ಕಡಿಮೆ ಅನ್ನಿಸುತ್ತದೆ, ಅಲ್ವಾ? ನೂರರಲ್ಲಿ 90 ಭಾಗ ನೀರಿದ್ದರೆ ಒಣಗಿಸಿದ ಮೇಲೆ ಅದೇ 0.5 ಆಗುತ್ತದೆ, ಮಿತಿ ದಾಟಿತು. ರಿಪೋರ್ಟಿನಲ್ಲಿ ಯಾವ ತೂಕ ಅಂತ ಬರೆದಿಲ್ಲದಿದ್ದರೆ ಫೋನ್ ಮಾಡಿ ಕೇಳಿ.

ಎರಡು, "ಮಿತಿಯೊಳಗಿದೆ" ಅಂದರೆ ಎಷ್ಟು ಬೇಕಾದರೂ ತಿನ್ನಬಹುದು ಅಂತಲ್ಲ. ಸೀಸ ಸರಿಯಾಗಿ 10 ಇರುವ ಪುಡಿಯನ್ನು ದಿನಕ್ಕೆ 5 ಗ್ರಾಂ ತಿಂದರೆ 50 ಮೈಕ್ರೋಗ್ರಾಂ ಸೀಸ ಒಳಗೆ ಹೋಯಿತು. ಅಮೆರಿಕದ ಆಹಾರ–ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಹಾರದಿಂದ ಬರುವ ಸೀಸಕ್ಕೆ ಇಟ್ಟುಕೊಂಡಿರುವ ದಿನದ ಅಳತೆ ಮಕ್ಕಳಿಗೆ 2.2 ಮೈಕ್ರೋಗ್ರಾಂ, ಮಗು ಹೆರುವ ವಯಸ್ಸಿನ ಹೆಂಗಸರಿಗೆ 8.8. ವ್ಯತ್ಯಾಸ ನೀವೇ ನೋಡಿ. ಹಾಗಾಗಿ ರಿಪೋರ್ಟ್ ಬಂದ ಮೇಲೆ ಅಂಕಿಯನ್ನು ನಿಮ್ಮ ದಿನದ ಗ್ರಾಂನಿಂದ ಗುಣಿಸಿ, ಆಮೇಲೆ ನಿರ್ಧಾರ ಮಾಡಿ.

ಲ್ಯಾಬ್ ಟೈಟಾನಿಯಂ ಅಥವಾ ಅಲ್ಯೂಮಿನಿಯಂ ಕೂಡ ಅಳೆದಿದ್ದರೆ ಅದನ್ನೂ ನೋಡಿ. ಟೈಟಾನಿಯಂ ಅನ್ನು ಗಿಡ ಹೀರುವುದು ಬಹಳ ಕಡಿಮೆ. ಅದು ಎತ್ತರಕ್ಕೆ ಬಂದಿದ್ದರೆ ಮಾದರಿಗೆ ಮಣ್ಣು ಅಂಟಿತ್ತು ಅಂತ ಅರ್ಥ. ಚೆನ್ನಾಗಿ ತೊಳೆದು ಮತ್ತೆ ಪರೀಕ್ಷೆ ಮಾಡಿಸಿ, ಸೀಸ ಇಳಿದರೆ ತಪ್ಪು ಧೂಳಿನದು. ಇಳಿಯದಿದ್ದರೆ ಗಿಡದೊಳಗೇ ಇದೆ.

ಲಕ್ಷಣ: ಬಳಸಿದವರಿಗೆ ಮೈ ಸರಿಯಿಲ್ಲ

ಇಲ್ಲಿ ಮನೆ ಪರೀಕ್ಷೆ ಮುಗಿಯಿತು. ವಾರಗಟ್ಟಲೆ ಹೊಟ್ಟೆ ನುಲಿತ, ಮಲಬದ್ಧತೆ, ಕಾರಣವಿಲ್ಲದ ಸುಸ್ತು, ರಕ್ತಹೀನತೆ, ಮಗುವಿನ ಕಲಿಕೆಯಲ್ಲಿ ಹಿನ್ನಡೆ: ಸೀಸ ಇರಬಹುದು. ಅಂಗೈ ಅಂಗಾಲು ಗಟ್ಟಿಯಾಗಿ ಗಂಟು ಬಂದು, ಎದೆ ಬೆನ್ನಿನ ಮೇಲೆ ಮಳೆಹನಿಯಂಥ ಚುಕ್ಕೆ ಬಂದರೆ ಆರ್ಸೆನಿಕ್ ಅನುಮಾನ. ಕೈ ನಡುಕ ಇದ್ದರೆ ಪಾದರಸವನ್ನೂ ನೋಡಬೇಕು. ಕ್ಯಾಡ್ಮಿಯಂ ಸದ್ದಿಲ್ಲದೆ ವರ್ಷಾನುಗಟ್ಟಲೆ ಕಿಡ್ನಿಯಲ್ಲಿ ಕೂರುತ್ತದೆ. ಇವಕ್ಕೆಲ್ಲ ಬೇರೆ ಕಾರಣವೂ ಇರುತ್ತದೆ, ಅದನ್ನು ವೈದ್ಯರು ಬೇರ್ಪಡಿಸಬೇಕು.

ಗಿಡಮೂಲಿಕೆ ತಕ್ಷಣ ನಿಲ್ಲಿಸಿ. ಉಳಿದ ಪುಡಿ, ಪೊಟ್ಟಣ ಎಸೆಯಬೇಡಿ, ಜೊತೆಗೆ ಒಯ್ಯಿರಿ. ಏನು, ಎಷ್ಟು, ಯಾವಾಗಿನಿಂದ ಅಂತ ಮುಚ್ಚಿಡದೆ ಹೇಳಿ. ರಕ್ತದಲ್ಲಿ ಸೀಸದ ಪರೀಕ್ಷೆ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಪ್ರಕಾರ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಬೇಕು. ಈ ವಿಷಯ ಬೆಂಗಳೂರಿಗೆ ಹೊಸದಲ್ಲ, ಸೀಸದ ವಿಷದ ರಾಷ್ಟ್ರೀಯ ರೆಫರಲ್ ಕೇಂದ್ರವನ್ನು ಡಾ. ತುಪ್ಪಿಲ್ ವೆಂಕಟೇಶ್ ಸೇಂಟ್ ಜಾನ್ಸ್‌ನಲ್ಲಿ ಕಟ್ಟಿದ್ದು ಇದೇ ಊರಿನಲ್ಲಿ. ಆರ್ಸೆನಿಕ್‌ಗೆ ಮೂತ್ರ ಪರೀಕ್ಷೆ ಮಾಡುವುದಾದರೆ ಅದಕ್ಕೂ ಮುಂಚೆ ಕೆಲವು ದಿನ ಸಮುದ್ರದ ಮೀನು, ಸೀಗಡಿ ಬಿಡಬೇಕು, ಇಲ್ಲದಿದ್ದರೆ ಅಂಕಿ ಸುಮ್ನೆ ಏರುತ್ತದೆ.

ಮೈಯಿಂದ ಲೋಹ ತೆಗೆಯುವ ಕೀಲೇಷನ್ ಚಿಕಿತ್ಸೆಯನ್ನು ಆಸ್ಪತ್ರೆಯಲ್ಲೇ ಮಾಡಬೇಕು. "ಡಿಟಾಕ್ಸ್" ಪುಡಿ ಕೊಂಡು ತಿನ್ನಬೇಡಿ, ಅದೂ ಒಂದು ಗೊತ್ತಿಲ್ಲದ ಪುಡಿಯೇ. ಗರ್ಭಿಣಿಯರಿದ್ದರೆ, ಚಿಕ್ಕ ಮಕ್ಕಳಿದ್ದರೆ ಲಕ್ಷಣಕ್ಕೆ ಕಾಯಬೇಡಿ.

ಇನ್ನೊಂದು: ರಸೌಷಧಿ, ಭಸ್ಮ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅವುಗಳಲ್ಲಿ ಲೋಹ ಬೇಕೆಂದೇ ಹಾಕಿರುತ್ತಾರೆ. ಗಿಡದ ಮಣ್ಣನ್ನು ಹುಡುಕುತ್ತಾ ಕೂತರೆ ಮೂಲ ತಪ್ಪಿಹೋಗುತ್ತದೆ.

ಜಾಗ ಸರಿ ಮಾಡಬಹುದಾ?

ಸುಣ್ಣ ಹಾಕಿದರೆ ಹುಳಿ ಇಳಿದು ಕ್ಯಾಡ್ಮಿಯಂ, ಸೀಸ ಬಿಗಿಯಾಗುತ್ತವೆ. ಆದರೆ ಆರ್ಸೆನಿಕ್ ಇದ್ದರೆ ಅದೇ ಸುಣ್ಣದಿಂದ ಅದು ಸಡಿಲವಾಗಬಹುದು. ರಂಜಕದ ಗೊಬ್ಬರವೂ ಹೀಗೇ: ಸೀಸವನ್ನು ಕಟ್ಟುತ್ತದೆ, ಆರ್ಸೆನಿಕ್ ಅನ್ನು ಬಿಡುತ್ತದೆ. ಯಾವ ಲೋಹ ಅಂತ ಗೊತ್ತಿಲ್ಲದೆ ಮಣ್ಣಿಗೆ ಏನನ್ನೂ ಸುರಿಯಬೇಡಿ. ಜಮೀನು ನಿಮ್ಮದೇ ಆಗಿದ್ದರೆ ರಿಪೋರ್ಟ್ ಹಿಡಿದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಮಣ್ಣು ವಿಜ್ಞಾನದವರನ್ನು ಕೇಳಿ. ಅಲ್ಲಿ ತಿನ್ನುವ ಗಿಡದ ಬದಲು ಮರದ ದಿಮ್ಮಿಗೆ ಬರುವ ಗಿಡ ಹಾಕುವುದು ಬಹಳ ಸಲ ಸರಿಯಾದ ಉತ್ತರ.

ಪರೀಕ್ಷೆಯಲ್ಲಿ ಫೇಲಾದ ಗಿಡವನ್ನು ಸುಡಬೇಡಿ, ಹೊಗೆಯಲ್ಲೂ ಬೂದಿಯಲ್ಲೂ ಲೋಹ ಇರುತ್ತದೆ. ಕಾಂಪೋಸ್ಟಿಗೂ ಹಾಕಬೇಡಿ, ದನಕ್ಕೂ ಹಾಕಬೇಡಿ. ಗಟ್ಟಿ ಕವರಿನಲ್ಲಿ ಕಟ್ಟಿ, ಏನು ಅಂತ ಚೀಟಿ ಬರೆದು, ಮನೆಯ ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಿ. ಮಾಲು ಕೊಟ್ಟವರಿಗೂ ರಿಪೋರ್ಟ್ ತೋರಿಸಿ, ಅಗೆದ ಜಾಗ ಯಾವುದು ಅಂತ ವಿಚಾರಿಸಿ. ಒಳ್ಳೆಯ ಜಾಗದ ಬೇರು ಗಿಡ್ಡವಾಗಿದ್ದರೂ ಅದೇ ಬೆಲೆ ಕೊಡುತ್ತೇನೆ ಅಂತ ಅವರಿಗೆ ಹೇಳಿ, ಕೊಡಿ.